ಹಳಿಗೆ ಹೇಳುವುದೋ, ರೈಲಿಗೆ ಹೇಳುವುದೋ

ಮಲ್ಲೇಶ್ವರ, ಬಸವನಗುಡಿ, ಚಾಮರಾಜಪೇಟೆಯ ಹಳೆಯ ಮನೆಗಳಲ್ಲಿ ನವರಾತ್ರಿಗೆ ಗೊಂಬೆ ಕೂರಿಸಿದಾಗ ಮೆಟ್ಟಿಲುಗಳ ಮೇಲೆ ಪಟ್ಟದ ಗೊಂಬೆಗಳೂ ದಶಾವತಾರವೂ ಇರುತ್ತವೆ. ಮೆಟ್ಟಿಲುಗಳ ಕೆಳಗಿನ ನೆಲ ಮಕ್ಕಳದು. ಅಲ್ಲಿ ರಾಗಿ ಮೊಳಕೆಯ ಪಾರ್ಕು, ಕನ್ನಡಿ ತುಂಡಿನ ಕೆರೆ, ಕೆಲವು ಮನೆಗಳಲ್ಲಿ ಅದರ ಸುತ್ತ ಓಡುವ ಒಂದು ಆಟಿಕೆ ರೈಲು. ಒಂದೇ ರೈಲು ಇರುವ ತನಕ ಯಾವ ತಾಪತ್ರಯವೂ ಇಲ್ಲ. ಸ್ವಿಚ್ ಹಾಕಿದರೆ ಓಡುತ್ತದೆ, ತೆಗೆದರೆ ನಿಲ್ಲುತ್ತದೆ. ಅದೇ ಹಳಿಯ ಮೇಲೆ ಎರಡನೆಯ ರೈಲನ್ನು ಇಟ್ಟ ಕ್ಷಣ ಪ್ರಶ್ನೆ ಹುಟ್ಟುತ್ತದೆ. ಒಂದು ಓಡಬೇಕು, ಇನ್ನೊಂದು ನಿಲ್ಲಬೇಕು ಎಂದರೆ ಹೇಳಬೇಕಾದದ್ದು ಯಾರಿಗೆ? ಹಳಿಗೋ, ರೈಲಿಗೋ?

ಮಾದರಿ ರೈಲಿನ ಹವ್ಯಾಸಿಗಳು ಈ ಪ್ರಶ್ನೆಯನ್ನು ‘ಅನಲಾಗೋ ಡಿಜಿಟಲ್ಲೋ’ ಎಂದು ಕೇಳುತ್ತಾರೆ. ಖರ್ಚು, ವೈರು, ಜಾಗ ಎಂದು ಲೆಕ್ಕ ಹಾಕಿ ಉತ್ತರ ಹುಡುಕುತ್ತಾರೆ. ಆ ಲೆಕ್ಕ ಬೇಕಾದದ್ದೇ. ಆದರೆ ಅದರ ಕೆಳಗೆ ಇನ್ನೊಂದು ಪ್ರಶ್ನೆ ಇದೆ ಎಂದು ನನಗನ್ನಿಸುತ್ತದೆ. ಒಂದು ಜೀವವೋ ಯಂತ್ರವೋ ಸರಿಯಾಗಿ ನಡೆದುಕೊಳ್ಳಬೇಕಾದರೆ ಅದರ ದಾರಿಯನ್ನು ಹಿಡಿತದಲ್ಲಿ ಇಟ್ಟುಕೊಳ್ಳಬೇಕೋ, ಅದನ್ನೇ ಹೆಸರು ಹಿಡಿದು ಕರೆದು ಹೇಳಬೇಕೋ?

ಮೊದಲು ಅನಲಾಗ್ ಪದ್ಧತಿ. ಎರಡು ಹಳಿಗಳ ನಡುವೆ ಸೊನ್ನೆಯಿಂದ ಸುಮಾರು 12 ವೋಲ್ಟ್‌ವರೆಗೆ ನೇರ ವಿದ್ಯುತ್ ಕೊಡುತ್ತೇವೆ. ವೋಲ್ಟೇಜ್ ಏರಿಸಿದರೆ ವೇಗ ಏರುತ್ತದೆ, ಧನ ಋಣ ಅದಲುಬದಲು ಮಾಡಿದರೆ ದಿಕ್ಕು ತಿರುಗುತ್ತದೆ. ಇಲ್ಲಿ ಎಂಜಿನ್ನಿಗೆ ಸ್ವಂತ ಮಾತಿಲ್ಲ. ಹಳಿಯಲ್ಲಿ ಏನಿದೆಯೋ ಅದರಂತೆ ನಡೆಯುತ್ತದೆ. ಎಂಜಿನ್ನನ್ನು ಎತ್ತಿ ಹಿಂದುಮುಂದಾಗಿ ಇಟ್ಟರೂ ಅದು ಮೊದಲು ಹೋಗುತ್ತಿದ್ದ ಕಡೆಗೇ ಹೋಗುತ್ತದೆ. ಪೂರ್ವಕ್ಕೆ ಹೋಗಬೇಕೆಂದು ಹಳಿ ನಿರ್ಧರಿಸಿದ ಮೇಲೆ ಮುಖ ಎತ್ತ ಇದ್ದರೇನು? ಎರಡು ರೈಲು ಬೇರೆಬೇರೆಯಾಗಿ ಓಡಬೇಕಾದರೆ ಹಳಿಯನ್ನು ಅಲ್ಲಲ್ಲಿ ಕತ್ತರಿಸಿ, ವಿದ್ಯುತ್ ದಾಟದಂತೆ ಬ್ಲಾಕುಗಳಾಗಿ ಒಡೆದು, ಪ್ರತಿ ಬ್ಲಾಕಿಗೂ ಒಂದು ಸ್ವಿಚ್ ಇಡಬೇಕು.

ಡಿಜಿಟಲ್ ಪದ್ಧತಿಯಲ್ಲಿ, ಹವ್ಯಾಸಿಗಳು ಡಿಸಿಸಿ ಎನ್ನುವುದರಲ್ಲಿ, ಹಳಿಯಲ್ಲಿ ಸದಾ ಪೂರ್ತಿ ವಿದ್ಯುತ್ ಇರುತ್ತದೆ. ಜರ್ಮನಿಯ ಲೆಂಟ್ಸ್ ಕಂಪನಿ ರೂಪಿಸಿದ ವಿಧಾನವನ್ನು ಆಧಾರವಾಗಿಟ್ಟುಕೊಂಡು ಅಮೆರಿಕದ ಮಾದರಿ ರೈಲು ಸಂಘ 1990ರ ದಶಕದಲ್ಲಿ ಇದಕ್ಕೆ ಮಾನದಂಡ ಮಾಡಿತು. ವಿದ್ಯುತ್ತಿನ ಜೊತೆಯಲ್ಲೇ ಸಂದೇಶಗಳೂ ಹರಿಯುತ್ತವೆ. ಪ್ರತಿ ಎಂಜಿನ್ನಿನ ಹೊಟ್ಟೆಯಲ್ಲಿ ಡಿಕೋಡರ್ ಎಂಬ ಪುಟ್ಟ ಸರ್ಕೀಟು, ಅದಕ್ಕೊಂದು ವಿಳಾಸ. ಸಂದೇಶ ಎಲ್ಲರಿಗೂ ಕೇಳಿಸುತ್ತದೆ, ಕರೆದದ್ದು ಯಾರನ್ನೋ ಅವರು ಮಾತ್ರ ಓಗೊಡುತ್ತಾರೆ. ‘ಮುಂದೆ’ ಎಂದರೆ ಇಲ್ಲಿ ಎಂಜಿನ್ನಿನ ಮುಖ ಇರುವ ಕಡೆ. ಹೊಸ ಡಿಕೋಡರುಗಳು ಸಾಮಾನ್ಯವಾಗಿ 3 ಎಂಬ ಒಂದೇ ವಿಳಾಸ ಹೊತ್ತು ಬರುತ್ತವೆ. ಎರಡು ಹೊಸ ಎಂಜಿನ್ನುಗಳನ್ನು ಹಾಗೆಯೇ ಇಟ್ಟು ಕರೆದರೆ ಎರಡೂ ಹೊರಡುತ್ತವೆ. ಬೇರೆಯಾಗಿ ನಡೆಯುವ ಮೊದಲು ನಾಮಕರಣ ಆಗಬೇಕು.

ಈ ಎರಡು ಪದ್ಧತಿಗಳ ಅಂತರ ನನಗೆ ಹೆಚ್ಚು ಕಾಡುವುದು ರೈಲು ನಿಂತಾಗ. ಸಾಮಾನ್ಯ ಅನಲಾಗ್ ರೈಲು ನಿಲ್ಲುವುದೆಂದರೆ ವಿದ್ಯುತ್ ಇಲ್ಲದೆ ಹೋಗುವುದು. ಸ್ಟೇಷನ್ನಿಗೆ ಬಂದು ನಿಂತೊಡನೆ ಎಂಜಿನ್ನಿನ ದೀಪವೂ ಆರುತ್ತದೆ, ಬೋಗಿಯೊಳಗಿನ ಬೆಳಕೂ ಆರುತ್ತದೆ. ಚಲನೆಯೇ ಬದುಕು, ನಿಲುಗಡೆಯೇ ಕತ್ತಲೆ. ಡಿಜಿಟಲ್ ರೈಲಿಗೆ ‘ನಿಲ್ಲು’ ಎಂಬುದು ಹಲವು ಮಾತುಗಳಲ್ಲಿ ಒಂದು. ಅದು ದೀಪ ಹೊತ್ತಿಸಿಕೊಂಡೇ ಕಾಯಬಲ್ಲದು. ನಿಂತವರಿಂದ ಎಲ್ಲವನ್ನೂ ಕಿತ್ತುಕೊಳ್ಳದೆ ನಿಲ್ಲಿಸುವುದು ಹೇಗೆ ಎಂಬುದು ಸಣ್ಣ ಪ್ರಶ್ನೆಯಲ್ಲ. ಓದು ಅರ್ಧಕ್ಕೆ ಬಿಟ್ಟ ಮಗನನ್ನು, ಕೆಲಸ ಬಿಟ್ಟು ಮನೆಗೆ ಬಂದ ಮಗಳನ್ನು ನಮ್ಮ ಮನೆಗಳು ನಡೆಸಿಕೊಳ್ಳುವ ರೀತಿ ಬಹುಮಟ್ಟಿಗೆ ಅನಲಾಗ್. ನಡೆದರೆ ಮಾತು, ನಗು, ಕೈಗೆ ಕಾಸು. ನಿಂತರೆ ದೀಪ ಆರಿತು.

ಹಾಗೆಂದು ಡಿಜಿಟಲ್ ಪಕ್ಷಕ್ಕೆ ಸಲೀಸಾಗಿ ಜಯಕಾರ ಹಾಕುವ ಹಾಗೂ ಇಲ್ಲ. ಬಸವನಗುಡಿಯ ಒಂದು ಮಹಡಿ ಕೋಣೆಯಲ್ಲಿ, ಪ್ಲೈವುಡ್ ಹಲಗೆಯ ಮುಂದೆ, ನಿವೃತ್ತರಾದ ತಾತನಿಗೂ ಎಂಜಿನಿಯರಿಂಗ್ ಓದುವ ಮೊಮ್ಮಗಳಿಗೂ ನಡೆದ ಮಾತು ಇದು:

“ಎರಡು ರೈಲು ಓಡ್ಸೋಕೆ ಇಷ್ಟೊಂದು ಸ್ವಿಚ್ಚಾ ತಾತ?”

“ಸ್ವಿಚ್ ಇದ್ರೆ ಡಿಕ್ಕಿ ಆಗಲ್ಲ ಪುಟ್ಟಿ.”

“ಡಿಕ್ಕಿ ಆಗದ ಹಾಗೆ ನಾನೇ ನೋಡ್ಕೋತೀನಿ.”

“ಎಲ್ರೂ ಹಾಗೇ ಅಂತಾರಮ್ಮ.”

ತಾತನ ಮಾತಿನಲ್ಲಿ ಹುರುಳಿದೆ. ಅನಲಾಗ್‌ನಲ್ಲಿ ಒಂದೇ ಬ್ಲಾಕಿನ ಮೇಲೆ ಎರಡು ಎಂಜಿನ್ ಇದ್ದರೂ ಎರಡೂ ಒಂದೇ ಕಡೆ ಹೋಗುತ್ತವೆ. ಹಿಂದಿನದು ಮುಂದಿನದನ್ನು ತಾಗಬಹುದು, ಆದರೆ ಅಲ್ಲಿ ಎದುರುಬದುರು ಡಿಕ್ಕಿ ಹೊಡೆಯಲಾರವು. ತಡೆ ಹಳಿಯಲ್ಲೇ ಇದೆ. ಪ್ರತಿ ರೈಲಿಗೂ ಅದರದೇ ‘ಮುಂದೆ’ ಸಿಕ್ಕಮೇಲೆ ಎದುರುಬದುರಾಗುವ ಸಾಧ್ಯತೆಯೂ ಸಿಕ್ಕಿತು. ಹಳಿ ಹೊರುತ್ತಿದ್ದ ಜವಾಬ್ದಾರಿ ಈಗ ಓಡಿಸುವ ಕೈಯ ಮೇಲೆ ಬಿತ್ತು. ಇನ್ನೊಂದು ಅಪಾಯವೂ ಇದೆ. ಡಿಕೋಡರ್ ಇಲ್ಲದ ಹಳೆಯ ಎಂಜಿನ್ನನ್ನು ಡಿಜಿಟಲ್ ಹಳಿಯ ಮೇಲೆ ನಿಲ್ಲಿಸಿದರೆ ಅದು ನಿಂತಲ್ಲೇ ಗುಂಯ್‌ಗುಡುತ್ತದೆ, ಮೋಟಾರು ಕಾಯುತ್ತದೆ, ಸುಟ್ಟೂ ಹೋಗಬಹುದು. ಸದಾ ಹರಿಯುವ ಶಕ್ತಿಯಲ್ಲಿ ತನಗೆಷ್ಟು ಬೇಕು ಎಂದು ಅರ್ಥಮಾಡಿಕೊಳ್ಳುವ ಸಾಧನ ಒಳಗಿಲ್ಲದಿದ್ದರೆ ಸ್ವಾತಂತ್ರ್ಯವೂ ಸುಡುತ್ತದೆ.

ಮೊಮ್ಮಗಳ ಮಾತಿನಲ್ಲೂ ಹುರುಳಿದೆ. ತಾತನ ಸ್ವಿಚ್ಚುಗಳು ಡಿಕ್ಕಿಯನ್ನು ತಪ್ಪಿಸಿದರೂ ಎಚ್ಚರವನ್ನು ಕಲಿಸುವುದಿಲ್ಲ. ಅವಳಿಗೆ ಎರಡು ರೈಲುಗಳನ್ನು ಎದುರುಬದುರು ತಂದು, ಒಂದನ್ನು ಪಕ್ಕದ ಹಳಿಗೆ ಸರಿಸಿ, ಇನ್ನೊಂದಕ್ಕೆ ದಾರಿ ಕೊಡುವ ಲೆಕ್ಕಾಚಾರವೇ ಬೇಕಾದದ್ದು. ತಪ್ಪಾಗುವ ಅವಕಾಶವೇ ಇಲ್ಲದ ಕಡೆ ಸರಿಯಾಗಿ ನಡೆದದ್ದಕ್ಕೆ ಯಾರನ್ನು ಹೊಗಳುವುದು?

ದೊಡ್ಡ ರೈಲುಗಳೂ ಈ ದಾರಿಯಲ್ಲೇ ಬಂದಿವೆ. ನಮ್ಮ ಒಂಟಿ ಹಳಿಯ ದಾರಿಗಳಲ್ಲಿ ಬಹುಕಾಲ ನೀಲ್ಸ್ ಟೋಕನ್ ಯಂತ್ರಗಳಿದ್ದವು. ಎರಡು ಸ್ಟೇಷನ್ನುಗಳ ಯಂತ್ರಗಳು ತಂತಿಯಿಂದ ಜೋಡಿಸಿಕೊಂಡಿದ್ದು, ಒಮ್ಮೆಗೆ ಒಂದೇ ಲೋಹದ ಚೆಂಡು ಹೊರಬರುತ್ತಿತ್ತು. ಅದು ಚಾಲಕನ ಕೈಯಲ್ಲಿದ್ದರೆ ಮಾತ್ರ ಆ ದಾರಿ ಅವನದು. ಇದು ದಾರಿಯನ್ನು ಹಿಡಿದಿಡುವ ವ್ಯವಸ್ಥೆ. 2025ರ ಆಗಸ್ಟ್‌ನಲ್ಲಿ ಆರಂಭವಾದ ನಮ್ಮ ಮೆಟ್ರೋದ ಹಳದಿ ಮಾರ್ಗ, ಬಸವನಗುಡಿಯಿಂದ ಹೆಚ್ಚು ದೂರವಿಲ್ಲದ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗೆ ಹೋಗುವುದು, ಬೇರೆ ಬಗೆಯದು. ಅಲ್ಲಿ ಪ್ರತಿ ರೈಲು ತಾನೆಲ್ಲಿದ್ದೇನೆ ಎಂದು ರೇಡಿಯೋ ಮೂಲಕ ಸತತವಾಗಿ ತಿಳಿಸುತ್ತದೆ. ಹಿಂದಿನ ರೈಲು ಎಲ್ಲಿಯವರೆಗೆ ಬರಬಹುದು ಎಂಬುದು ಅದರ ಮೇಲೆ ನಿಂತಿದೆ.

ಇಲ್ಲಿ ಮಾದರಿ ರೈಲಿನವರ ಅನುಭವ ನಮಗೆ ಸಹಾಯಕ್ಕೆ ಬರುತ್ತದೆ. ಡಿಜಿಟಲ್‌ಗೆ ಬಂದಮೇಲೆ ಹಳಿಯನ್ನು ಕತ್ತರಿಸುವ ಅಗತ್ಯವೇ ಇಲ್ಲ ಎಂದು ಮೊದಲಿಗೆ ಅನ್ನಿಸುತ್ತದೆ. ಆದರೆ ಹಲಗೆ ದೊಡ್ಡದಾದಂತೆ ಅವರು ಮತ್ತೆ ಕತ್ತರಿಸುತ್ತಾರೆ. ಒಂದು ಕಡೆ ಶಾರ್ಟ್ ಆದರೆ ಇಡೀ ಊರು ನಿಲ್ಲಬಾರದು, ಯಾವ ಭಾಗದಲ್ಲಿ ರೈಲಿದೆ ಎಂದು ಗೊತ್ತಾಗಬೇಕು ಎಂಬುದು ಕಾರಣ. ಹಿಂದೆ ಆ ಸೀಳು ವಿದ್ಯುತ್ತನ್ನು ತಡೆದು ರೈಲನ್ನು ನಿಲ್ಲಿಸಲು ಇತ್ತು. ಈಗ ರೈಲು ದಾಟಿದ್ದನ್ನು ತಿಳಿಯಲು ಇದೆ. ಮನೆಯಲ್ಲಿ ಹೊಸಿಲಿಗೂ ಈ ಎರಡು ಕೆಲಸ ಸಾಧ್ಯ: ಹೊರಗೆ ಹೋಗದಂತೆ ತಡೆಯುವುದು, ಇಲ್ಲವೆ ಹೋದವರು ಬಂದರೇ ಎಂದು ನೋಡುವುದು. ಎರಡನೆಯದೂ ಕಾವಲಾಗಿ ಬಿಗಿಯಬಹುದು. ಗಳಿಗೆಗೊಮ್ಮೆ ‘ಎಲ್ಲಿದ್ದೀಯಾ’ ಎಂದು ಫೋನು ಮಾಡುವ ಪ್ರೀತಿಯನ್ನು ಬಲ್ಲವರಿಗೆ ಇದು ಗೊತ್ತು.

ಆದ್ದರಿಂದ ಈ ಹವ್ಯಾಸಕ್ಕೆ ಇಳಿಯುವ ಗೆಳೆಯರಿಗೆ ನನ್ನ ಸಲಹೆ ಇಷ್ಟೇ. ಒಂದೇ ರೈಲು, ಚಿಕ್ಕ ಹಲಗೆ ಆದರೆ ಅನಲಾಗ್ ಸಾಕು. ಎಸ್.ಪಿ. ರೋಡಿಗೆ ಹೋಗಿ ನಾಲ್ಕು ಸ್ವಿಚ್, ಒಂದಿಷ್ಟು ವೈರು ತಂದರೆ ಕೆಲಸ ಶುರುಮಾಡಬಹುದು, ವಿದ್ಯುತ್ತಿನ ದಾರಿ ಬೆರಳಿಗೇ ತಿಳಿಯುತ್ತದೆ. ಇಬ್ಬರು ಕೂಡಿ ಓಡಿಸುವುದಾದರೆ, ಒಬ್ಬರ ರೈಲು ಇನ್ನೊಬ್ಬರಿಗಾಗಿ ಕಾಯಬೇಕಾದರೆ ಡಿಜಿಟಲ್ ಒಳ್ಳೆಯದು. ಆದರೆ ಹಳಿಯ ಮೇಲಿನ ಹಳೆಯ ಸೀಳುಗಳನ್ನು ಬೆಸುಗೆ ಹಾಕಿ ಮುಚ್ಚಬೇಡಿ. ಅವುಗಳಿಗೆ ಹೊಸ ಕೆಲಸ ಕೊಡಿ.