ಋಣದ ಮಾತು, ಕರಾರಿನ ಮಾತು

2016ರ ಏಪ್ರಿಲ್‌ನಲ್ಲಿ ಬೆಂಗಳೂರು ಎಫ್‌ಸಿ ಐ-ಲೀಗ್ ಗೆದ್ದಿತು. ಕ್ಲಬ್ ಹುಟ್ಟಿದ್ದೇ 2013ರಲ್ಲಿ. ಮೂರು ಋತುಗಳಲ್ಲಿ ಅದು ಎರಡನೆಯ ಲೀಗ್ ಪ್ರಶಸ್ತಿ. ನಡುವಿನ ಋತುವಿನಲ್ಲಿ ಫೆಡರೇಷನ್ ಕಪ್ ಬಂದಿತ್ತು. ಆ ಸಲದ ಲೀಗ್ ಮಾತ್ರ ಕೊನೆಯ ದಿನ, ನಮ್ಮದೇ ಕಂಠೀರವ ಕ್ರೀಡಾಂಗಣದಲ್ಲಿ, ಆಟ ಮುಗಿಯಲು ಕೆಲವೇ ನಿಮಿಷ ಇದ್ದಾಗ ಮೋಹನ್ ಬಾಗಾನ್ ಹೊಡೆದ ಗೋಲಿನಿಂದ ಕೈತಪ್ಪಿತ್ತು. ಈ ಮೂರೂ ವರ್ಷ ತಂಡವನ್ನು ಕಟ್ಟಿ ನಿಲ್ಲಿಸಿದವರು ಇಂಗ್ಲೆಂಡಿನ ಆಶ್ಲಿ ವೆಸ್ಟ್‌ವುಡ್. ಎರಡನೆಯ ಸಲ ಲೀಗ್ ಗೆದ್ದು ಎರಡು ತಿಂಗಳು ಕಳೆಯುವ ಮುಂಚೆ, ಮೇ ಕೊನೆಗೆ, ಅವರ ಕರಾರು ಮುಗಿಯಿತು. ಮುಂದುವರಿಯಲಿಲ್ಲ.

ಆಗ ದಾವಣಗೆರೆಯ ನಮ್ಮ ಹಾಸ್ಟೆಲ್ಲಿನಲ್ಲಿ ಫುಟ್‌ಬಾಲ್ ನೋಡುವವರು ನಾಲ್ಕೈದು ಜನ ಮಾತ್ರ. ಉಳಿದವರಿಗೆ ಕ್ರಿಕೆಟ್ಟು, ಕಬಡ್ಡಿ. ಆ ನಾಲ್ಕೈದು ಜನರಲ್ಲೇ ಎರಡು ಪಕ್ಷಗಳಾದವು. ಹರಿಹರದ ಹುಡುಗನೊಬ್ಬ, "ಗೆಲ್ಸಿದೋನ್ನ ಯಾರಾದ್ರೂ ಕಳಿಸ್ತಾರೇನಲೇ?" ಅಂದ. ಇನ್ನೊಬ್ಬ, "ಕರಾರು ಮುಗೀತು, ಹೋದ. ಅದರಾಗ ಏನೈತಿ?" ಅಂದ. ಇಬ್ಬರೂ ತಮ್ಮ ಮಾತು ಎಷ್ಟು ಸ್ಪಷ್ಟ ಎಂಬ ಧೈರ್ಯದಲ್ಲಿ ಅಲ್ಲಿಗೇ ಬಿಟ್ಟರು. ನನಗೆ ಎರಡೂ ಸರಿಯೆನಿಸಿದವು, ಎರಡೂ ಒಟ್ಟಿಗೆ ಸರಿಯಾಗಿರಲು ಹೇಗೆ ಸಾಧ್ಯ ಎಂಬುದು ಮಾತ್ರ ತಿಳಿಯಲಿಲ್ಲ. ಒಳ್ಳೆಯ ಕೆಲಸ ಮಾಡಿದವನಿಗೆ ಆ ಕೆಲಸದ ಮೇಲೆ ಹಕ್ಕು ಹುಟ್ಟುತ್ತದೆಯೇ?

ಮೊದಲನೆಯವನು ಆಡಿದ್ದು ಋಣದ ಮಾತು. ಎರಡನೆಯವನದು ಕರಾರಿನ ಮಾತು. ಋಣ ಎಂಬುದು ವಿಚಿತ್ರವಾದ ಪದ. ಅಂಗಡಿ ಸಾಲಕ್ಕೆ ಲೆಕ್ಕವಿರುತ್ತದೆ, ಅನ್ನದ ಋಣಕ್ಕೆ ಇಲ್ಲ. ಯಾರಾದರೂ ಊರು ಬಿಟ್ಟು ಹೋದರೆ 'ಇಷ್ಟೇ ಇತ್ತು ಋಣ' ಅನ್ನುತ್ತೇವೆ; ಎಷ್ಟಿತ್ತು ಎಂಬುದು ಮುಗಿದ ಮೇಲೆಯೇ ಗೊತ್ತಾಗುವ ಬಾಕಿ ಅದು. ಕರಾರಿನಲ್ಲಿ ಇದು ತಿರುಗುಮುರುಗು. ಎಷ್ಟು ದಿನ, ಎಷ್ಟು ಹಣ, ಯಾವ ತಾರೀಖಿಗೆ ಕೊನೆ ಎಂಬುದು ಮೊದಲ ದಿನವೇ ಗೊತ್ತು. ನಡುವೆ ಏನು ಹುಟ್ಟುತ್ತದೆ ಎಂಬುದು ಮಾತ್ರ ಗೊತ್ತಿರುವುದಿಲ್ಲ.

ವೆಸ್ಟ್‌ವುಡ್ ಹೋದ ಮೇಲೆ ನಡೆದದ್ದು ನನ್ನ ಹರಿಹರದ ಗೆಳೆಯನ ಪಕ್ಷಕ್ಕೆ ಒಳ್ಳೆಯ ಸುದ್ದಿಯಲ್ಲ. ಹಿಂದೆ ಬಾರ್ಸಿಲೋನಾದಲ್ಲಿ ಸಹಾಯಕ ಕೋಚ್ ಆಗಿದ್ದ ಸ್ಪೇನಿನ ಆಲ್ಬರ್ಟ್ ರೋಕಾ ಬಂದರು. ವೆಸ್ಟ್‌ವುಡ್ ಅರ್ಧದಲ್ಲಿ ಬಿಟ್ಟುಹೋದ ಎಎಫ್‌ಸಿ ಕಪ್ ಪಂದ್ಯಾವಳಿಯನ್ನು ಅವರು ಮುಂದುವರಿಸಿದರು. ಆ ಅಕ್ಟೋಬರಿನಲ್ಲಿ ಹಿಂದಿನ ಚಾಂಪಿಯನ್ ಮಲೇಷ್ಯಾದ ಜೊಹೋರ್ ತಂಡವನ್ನು ಬೆಂಗಳೂರು ಕಂಠೀರವದಲ್ಲಿ 3-1ರಿಂದ ಸೋಲಿಸಿತು. ಆ ಕಪ್ಪಿನ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಅದು. ನವೆಂಬರ್ 5ರಂದು ದೋಹಾದಲ್ಲಿ ಇರಾಕಿನ ವಾಯುಪಡೆಯ ತಂಡದ ಎದುರು ಒಂದು ಗೋಲಿನಿಂದ ಸೋತಿತು, ನಿಜ. ಆದರೆ ಗೆದ್ದವನನ್ನು ಕಳಿಸಿದ ಕ್ಲಬ್ಬು ಆರು ತಿಂಗಳಲ್ಲಿ ಮೊದಲಿಗಿಂತ ಎತ್ತರಕ್ಕೆ ಹೋಗಿತ್ತು. ಕೃತಘ್ನತೆಗೆ ಫಲ ಸಿಕ್ಕಿತು ಎನ್ನಬೇಕೆ? ಅದು ಕೃತಘ್ನತೆಯೇ ಹೌದೇ ಎಂದು ಮೊದಲು ಕೇಳಬೇಕು.

ಅದಕ್ಕೂ ಮುಂಚೆ 'ಗೆದ್ದವನು' ಎಂಬ ಪದವನ್ನೇ ಸ್ವಲ್ಪ ಅನುಮಾನದಿಂದ ನೋಡುವುದು ಒಳ್ಳೆಯದು. 2017-18ರಲ್ಲಿ ಬೆಂಗಳೂರು ಮೊದಲ ಬಾರಿಗೆ ಇಂಡಿಯನ್ ಸೂಪರ್ ಲೀಗ್ ಆಡಿತು. ರೋಕಾ ಅವರ ತಂಡ 40 ಅಂಕಗಳೊಂದಿಗೆ ಪಟ್ಟಿಯ ತುದಿಯಲ್ಲಿತ್ತು. ಎರಡನೆಯ ಸ್ಥಾನದ ಚೆನ್ನೈಯಿನ್‌ಗಿಂತ ಎಂಟು ಅಂಕ ಮುಂದೆ. ಆದರೆ ಫೈನಲ್ಲಿನಲ್ಲಿ ಅದೇ ಚೆನ್ನೈಯಿನ್ ಕಂಠೀರವಕ್ಕೇ ಬಂದು 3-2ರಿಂದ ಗೆದ್ದು ಹೋಯಿತು. ಸೂಪರ್ ಕಪ್ ಗೆದ್ದು ರೋಕಾ ಆ ವರ್ಷ ತಾವಾಗಿಯೇ ಹೊರಟರು. ಅವರ ಸಹಾಯಕರಾಗಿದ್ದ ಕಾರ್ಲೆಸ್ ಕ್ವಾದ್ರಾತ್ ಮುಖ್ಯ ಕೋಚ್ ಆದರು. ಮರುವರ್ಷದ ಮಾರ್ಚ್‌ನಲ್ಲಿ ಮುಂಬೈಯಲ್ಲಿ ನಡೆದ ಫೈನಲ್ 90 ನಿಮಿಷ ದಾಟಿ ಹೆಚ್ಚುವರಿ ಅವಧಿಯ ಕೊನೆಯತ್ತ ಸಾಗುತ್ತಿತ್ತು. ಒಂದು ಕಾರ್ನರಿನಿಂದ ಬಂದ ಚೆಂಡಿಗೆ ರಾಹುಲ್ ಭೆಕೆ ತಲೆಕೊಟ್ಟರು. ಗೋವಾ ಸೋತಿತು, ಬೆಂಗಳೂರು ಚಾಂಪಿಯನ್. ಪೂರ್ತಿ ಋತುವಿನಲ್ಲಿ ಎಲ್ಲರಿಗಿಂತ ಮುಂದಿದ್ದ ರೋಕಾ ಆ ಲೀಗನ್ನು ಗೆಲ್ಲದ ಕೋಚ್, ಒಂದು ಕಾರ್ನರು ಸರಿಯಾಗಿ ಬಿದ್ದ ಕ್ವಾದ್ರಾತ್ ಗೆದ್ದ ಕೋಚ್. ಕ್ವಾದ್ರಾತ್ ಅವರ ಕೆಲಸ ಸಣ್ಣದೆಂದು ನಾನು ಹೇಳುತ್ತಿಲ್ಲ. ಯಶಸ್ಸು ಎಂದು ನಾವು ಕರೆಯುವುದರಲ್ಲಿ ಕೆಲಸ ಎಷ್ಟು, ಆ ಸಂಜೆಯ ಗಾಳಿ ಎಷ್ಟು ಎಂದು ಬಿಡಿಸಿ ತೂಗಲು ತಕ್ಕಡಿ ಇಲ್ಲ, ಅಷ್ಟೆ.

2021ರ ಜನವರಿ ಮೊದಲ ವಾರ. ಕೊರೋನಾದಿಂದಾಗಿ ಇಡೀ ಲೀಗು ಗೋವಾದಲ್ಲಿ, ಪ್ರೇಕ್ಷಕರಿಲ್ಲದೆ ನಡೆಯುತ್ತಿತ್ತು. ಬೆಂಗಳೂರು ಸತತ ಮೂರು ಪಂದ್ಯ ಸೋತಿತು. ಮೂರನೆಯ ಸೋಲಿನ ಬೆನ್ನಿಗೇ ಕ್ವಾದ್ರಾತ್ ಹೋದರು. ಇನ್ನೂ ವಿಚಿತ್ರವೆಂದರೆ, ಮುಂದೆ ಅವರು ಕೋಲ್ಕತ್ತಾದ ಈಸ್ಟ್ ಬೆಂಗಾಲ್ ಸೇರಿ, ಬಹಳ ವರ್ಷ ದೊಡ್ಡ ಕಪ್ಪು ಕಾಣದಿದ್ದ ಆ ಕ್ಲಬ್ಬಿಗೆ 2024ರ ಜನವರಿಯಲ್ಲಿ ಸೂಪರ್ ಕಪ್ ತಂದುಕೊಟ್ಟರು. ಅದೇ ವರ್ಷ ಸೆಪ್ಟೆಂಬರ್ ಕೊನೆಗೆ, ಹೊಸ ಲೀಗಿನ ಮೊದಲ ಮೂರು ಪಂದ್ಯ ಸೋತ ಮೇಲೆ, ಅಲ್ಲಿಂದಲೂ ಹೊರಬಿದ್ದರು. ಎರಡೂ ಸಲ ಮೂರೇ ಸೋಲು! ಒಂದು ಕಾರ್ನರ್ ಗೋಲು ಒಬ್ಬನನ್ನು ಪಟ್ಟಕ್ಕೆ ಕೂರಿಸಲು ಸಾಲದ ಸಾಕ್ಷ್ಯವಾದರೆ, ಮೂರು ಸೋಲು ಇಳಿಸಲು ಸಾಲುವ ಸಾಕ್ಷ್ಯ ಹೇಗಾದೀತು? ನಮ್ಮ ಕೃತಜ್ಞತೆಯೂ ಸಿಟ್ಟೂ ಒಂದೇ ಸಡಿಲು ಲೆಕ್ಕದಿಂದ ಹುಟ್ಟುತ್ತವೆ.

ಋಣದ ಪಕ್ಷದವರು ಕೇಳದ ಪ್ರಶ್ನೆಯೊಂದಿದೆ. ಕ್ಲಬ್ಬು ಕೃತಜ್ಞತೆಯಿಂದ ಕೋಚನ್ನು ಉಳಿಸಿಕೊಂಡರೆ ಆ ಋಣ ತೀರುವುದು ಯಾರ ಜೇಬಿನಿಂದ? ನಾನು ನಿಮಗೆ ಋಣಿಯಾಗಿದ್ದರೆ ನನ್ನದನ್ನು ಕೊಡಬೇಕು. ಆದರೆ ಕೋಚಿನ ಕುರ್ಚಿ ಮಾಲೀಕರ ಮನೆಯ ಸಾಮಾನಲ್ಲ. ಆ ಕುರ್ಚಿಯಲ್ಲಿ ಯಾರು ಕೂರುತ್ತಾರೆ ಎಂಬುದರ ಮೇಲೆ ಇಪ್ಪತ್ತೈದು ಆಟಗಾರರ ಬದುಕು ನಿಂತಿದೆ. ಫುಟ್‌ಬಾಲಿಗನ ಆಯುಷ್ಯ ಹೆಚ್ಚೆಂದರೆ ಹದಿನೈದು ವರ್ಷ. ದಣಿದ ಕೋಚೊಬ್ಬನಿಗೆ ಕ್ಲಬ್ಬು ಕೃತಜ್ಞತೆಯಿಂದ ಎರಡು ವರ್ಷ ಕೊಟ್ಟರೆ ಅದರಲ್ಲಿ ಒಂದಿಷ್ಟು ಭಾಗ ಬೆಂಚಿನ ಮೇಲೆ ಕೂತ ಇಪ್ಪತ್ತೆರಡರ ಹುಡುಗನ ಆಯುಷ್ಯದಿಂದ ಹೋಗುತ್ತದೆ. ಅವನು ಯಾರಿಗೂ ಏನೂ ಬಾಕಿ ಇಟ್ಟುಕೊಂಡವನಲ್ಲ. ಹುದ್ದೆಯನ್ನು ಬಹುಮಾನವಾಗಿ ಕೊಡುವ ಎಲ್ಲ ಕಡೆಯೂ ಹೀಗೆಯೇ ಬೇರೆಯವರ ಜೇಬಿಗೆ ಕೈ ಬಿದ್ದಿರುತ್ತದೆ.

ಹಾಗಂತ ಕೂಡಲೇ ಬದಲಿಸುವುದು ಆಟಗಾರರಿಗೆ ಮಾಡುವ ಉಪಕಾರ ಎಂದೂ ಅಲ್ಲ. ಮೂರು ಸೋಲಿಗೆ ಕುರ್ಚಿ ಹೋಗುವುದಾದರೆ ಯಾವ ಕೋಚ್ ಹತ್ತೊಂಬತ್ತರ ಹುಡುಗನನ್ನು ಮೈದಾನಕ್ಕಿಳಿಸುವ ಧೈರ್ಯ ಮಾಡುತ್ತಾನೆ? ಅಲೆಕ್ಸ್ ಫರ್ಗುಸನ್ 1986ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಬಂದು ಮೊದಲ ಲೀಗ್ ಗೆದ್ದದ್ದು 1993ರಲ್ಲಿ. ಇದನ್ನು ಋಣದ ಕತೆಯಾಗಿ ಹೇಳುವವರಿದ್ದಾರೆ. ಆದರೆ ಮೊದಲ ಮೂರು ವರ್ಷ ಆತ ಆ ಕ್ಲಬ್ಬಿಗೆ ಯಾವ ಕಪ್ಪನ್ನೂ ಗೆದ್ದುಕೊಟ್ಟಿರಲಿಲ್ಲ. ತೀರಿಸಲು ಅಲ್ಲಿ ಋಣವೇ ಇರಲಿಲ್ಲ. ಕಾದದ್ದು ಮುಂದೆ ಬರುವುದರ ಮೇಲಿನ ನಂಬಿಕೆಯಿಂದ. ತಾಳ್ಮೆ ಬೇರೆ, ಕೃತಜ್ಞತೆ ಬೇರೆ.

ಪೂರ್ತಿ ಋಣದ ಮೇಲೇ ನಡೆಯುವ ಆಟವೂ ಉಂಟು. ದಾವಣಗೆರೆಯಲ್ಲಿ ಅದನ್ನು ನೋಡಲು ದೂರ ಹೋಗಬೇಕಿಲ್ಲ. ದುಗ್ಗಮ್ಮನ ಜಾತ್ರೆಯ ಕುಸ್ತಿ ಅಖಾಡದ ಅಂಚಿನಲ್ಲಿ ನಿಂತರೆ ಪೈಲ್ವಾನರು ಮಣ್ಣಿಗಿಳಿಯುವ ಮುಂಚೆ ಉಸ್ತಾದರ ಕಾಲು ಮುಟ್ಟುವುದು ಕಾಣುತ್ತದೆ. ಗರಡಿಯ ಉಸ್ತಾದನಿಗೆ ಕರಾರಿಲ್ಲ, ಕೊನೆಯ ತಾರೀಖಿಲ್ಲ, ಮೂರು ಸೋಲಿಗೆ ಯಾರೂ ಅವನನ್ನು ಕಳಿಸುವುದಿಲ್ಲ. ಇದರ ಚೆಲುವು ನನಗೆ ಗೊತ್ತು. ಆದರೆ ಉಸ್ತಾದನ ಕಣ್ಣು ಮಂಜಾದಾಗ, ಅವನ ಪಟ್ಟುಗಳು ಹಳತಾದಾಗ, ಅದನ್ನು ಅವನಿಗೆ ಹೇಳುವ ಬಾಯಿ ಆ ಗರಡಿಯಲ್ಲಿ ಇರುವುದಿಲ್ಲ. ಹುಡುಗರು ಒಬ್ಬೊಬ್ಬರಾಗಿ ಬರುವುದನ್ನು ಬಿಡುತ್ತಾರೆ. ಯಾರೂ ಕಳಿಸದೆಯೇ ಅವನು ಒಂಟಿಯಾಗುತ್ತಾನೆ. (ಪಿಎಚ್‌ಡಿ ಮಾರ್ಗದರ್ಶಕರು ಮತ್ತು ವಿದ್ಯಾರ್ಥಿಗಳ ನಡುವೆಯೂ ಇಂಥದ್ದು ಇರುತ್ತದೆಯೇ ಎಂದು ದಯವಿಟ್ಟು ನನ್ನನ್ನು ಕೇಳಬೇಡಿ, ನನ್ನ ಪ್ರಬಂಧ ಇನ್ನೂ ಮುಗಿದಿಲ್ಲ.)

ಹಾಗಾದರೆ ಕರಾರೊಂದೇ ಸಾಕೆ? ಅದೂ ಸುಳ್ಳಾಗುತ್ತದೆ. ಸೋತು ಬಂದ ರಾತ್ರಿ ಹುಡುಗನೊಬ್ಬನ ಪಕ್ಕ ಕೂತು ಸಮಾಧಾನ ಹೇಳುವುದನ್ನು ಯಾವ ಕರಾರಿನಲ್ಲೂ ಬರೆದಿರುವುದಿಲ್ಲ. ಅದಿಲ್ಲದೆ ತಂಡ ಕಟ್ಟಲೂ ಆಗುವುದಿಲ್ಲ. ಕಂಠೀರವದ ಪಶ್ಚಿಮದ ಗ್ಯಾಲರಿಯಲ್ಲಿ 90 ನಿಮಿಷ ನಿಂತೇ ಹಾಡುವ ವೆಸ್ಟ್ ಬ್ಲಾಕ್ ಬ್ಲೂಸ್ ಹುಡುಗರು ಯಾವ ಕಾಗದಕ್ಕೂ ಸಹಿ ಹಾಕಿದವರಲ್ಲ.

ಸಂಬಂಧದಲ್ಲಿ ಎರಡೂ ಇರುವುದು ತಪ್ಪಲ್ಲ. ತಪ್ಪು ನಡೆಯುವುದು ನಡುದಾರಿಯಲ್ಲಿ ಭಾಷೆ ಬದಲಿಸಿದಾಗ. ಉಳಿಸಿಕೊಳ್ಳಬೇಕಾದಾಗ 'ನಾವೆಲ್ಲ ಒಂದೇ ಕುಟುಂಬ' ಎನ್ನುವುದು, ಕಳಿಸಬೇಕಾದಾಗ 'ಇದು ವೃತ್ತಿಪರ ನಿರ್ಧಾರ' ಎನ್ನುವುದು. ಕೋಚುಗಳೇನು ಇದರಿಂದ ಹೊರತಲ್ಲ. ಕುರ್ಚಿ ಅಲುಗಿದಾಗ ನಿಷ್ಠೆಯನ್ನು ನೆನಪಿಸುವವರೇ ದೊಡ್ಡ ಕ್ಲಬ್ಬಿನಿಂದ ಫೋನ್ ಬಂದಾಗ ಕರಾರಿನಲ್ಲಿ ಹೊರಬೀಳುವ ದಾರಿ ಹುಡುಕುತ್ತಾರೆ. ಲೆಸ್ಟರ್ ಸಿಟಿಯನ್ನು 2016ರಲ್ಲಿ ಇಂಗ್ಲೆಂಡಿನ ಚಾಂಪಿಯನ್ ಮಾಡಿದ ಕ್ಲಾಡಿಯೊ ರಾನಿಯೇರಿಯನ್ನು ಆ ಕ್ಲಬ್ಬು 2017ರ ಫೆಬ್ರವರಿಯಲ್ಲಿ ತೆಗೆದುಹಾಕಿತು. ತಂಡ ಕೆಳಗಿನ ದರ್ಜೆಗೆ ಬೀಳುವ ಭಯದಲ್ಲಿತ್ತು, ತೆಗೆದದ್ದಕ್ಕೆ ಕಾರಣವಿತ್ತು. ಆದರೂ ಜಗತ್ತಿಗೆ ಅದು ಚುಚ್ಚಿದ್ದು, ಹಿಂದಿನ ವರ್ಷವೆಲ್ಲ ಅದೇ ಕತೆಯನ್ನು ಪ್ರೀತಿಯ ಕತೆಯಾಗಿ ಕೇಳಿದ್ದರಿಂದ. 2024ರ ಜನವರಿಯಲ್ಲಿ ಯೂರ್ಗೆನ್ ಕ್ಲಾಪ್, ತನ್ನಲ್ಲಿ ಶಕ್ತಿ ಬತ್ತುತ್ತಿದೆ, ಋತು ಮುಗಿದ ಮೇಲೆ ಲಿವರ್‌ಪೂಲ್ ಬಿಡುತ್ತೇನೆ ಎಂದು ತಿಂಗಳುಗಳ ಮೊದಲೇ ಹೇಳಿದಾಗ ಜನ ಅತ್ತರು, ಯಾರೂ ಮೋಸವೆನ್ನಲಿಲ್ಲ. ಈ ಕಣ್ಣಿನಿಂದ ನೋಡಿದರೆ ವೆಸ್ಟ್‌ವುಡ್ ಹೊರಟ ರೀತಿ ನನಗೆ ಎಲ್ಲಕ್ಕಿಂತ ಸ್ವಚ್ಛವಾಗಿ ಕಾಣುತ್ತದೆ. ತಾರೀಖು ಮೊದಲೇ ಇತ್ತು. ಅದು ಬಂದಾಗ ಇಬ್ಬರೂ ಅದನ್ನು ಮನ್ನಿಸಿದರು.

ದಾವಣಗೆರೆಯಿಂದ ಹರಿಹರಕ್ಕೆ ಹೋಗುವ ಬಸ್ಸಿನಲ್ಲಿ ಇದೆಲ್ಲ ಬೇರೆ ದನಿಯಲ್ಲಿ ಕೇಳಿಸುತ್ತದೆ. 1941ರಲ್ಲಿ ಶುರುವಾಗಿ, ಲೇಥ್ ಯಂತ್ರಗಳಿಗೆ ದೇಶದಲ್ಲೆಲ್ಲ ಹೆಸರಾಗಿದ್ದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಮುಚ್ಚಿ ಎರಡು ದಶಕಗಳೇ ಕಳೆದಿವೆ. ಅಲ್ಲಿ ದುಡಿದ ಹಿರಿಯರು ಈಗಲೂ 'ನಮ್ಮ ಕಂಪನಿ' ಅನ್ನುತ್ತಾರೆ. ಬಾಗಿಲು ಮುಚ್ಚಿದ ಮೇಲೂ ಆ 'ನಮ್ಮ' ಹೋಗಿಲ್ಲ. ಕಾಗದದ ಮೇಲೆ ಅದಕ್ಕೆ ಬೆಲೆ ಏನೂ ಇಲ್ಲ. ಅದೇ ಬಸ್ಸಿನಲ್ಲಿ ಬೆಳಗ್ಗೆ ಸರ್ಕಾರಿ ಪದವಿ ಕಾಲೇಜುಗಳ ಅತಿಥಿ ಉಪನ್ಯಾಸಕರೂ ಇರುತ್ತಾರೆ. ಅವರಲ್ಲಿ ನನ್ನ ಸೀನಿಯರುಗಳಿದ್ದಾರೆ, ನಾಳೆ ನಾನೂ ಇರಬಹುದು. ಹತ್ತು ವರ್ಷ ಒಳ್ಳೆಯ ಪಾಠ ಮಾಡಿದವರೂ ಹೊಸ ಶೈಕ್ಷಣಿಕ ವರ್ಷಕ್ಕೆ ಹೊಸದಾಗಿ ಅರ್ಜಿ ಹಾಕಿ ಕಾಯಬೇಕು. 'ಅತಿಥಿ' ಎಂಬ ಪದವನ್ನೇ ನೋಡಿ. ಮನೆಯ ಮಾತು, ಆದರದ ಮಾತು; ಅದನ್ನು ಹೊದಿಸಿರುವುದು ಕೆಲವು ತಿಂಗಳ ಕರಾರಿಗೆ. ಕೋಚಿಗೂ ಇವರಿಗೂ ಆಗುವ ಅನ್ಯಾಯದ ಆಕಾರ ಒಂದೇ ಇರಬಹುದು, ತೂಕ ಒಂದೇ ಅಲ್ಲ. ಕೋಚಿಗೆ ಇನ್ನೊಂದು ಕ್ಲಬ್ಬಿದೆ, ಇನ್ನೊಂದು ದೇಶವಿದೆ. ನಲವತ್ತು ದಾಟಿದ ಅತಿಥಿ ಉಪನ್ಯಾಸಕನಿಗೆ ಅದೇ ಬಸ್ಸು. ಹಾಗಾಗಿ ಕುರ್ಚಿ ಬಹುಮಾನವಲ್ಲ ಎಂದು ಮೇಲೆ ನಾನೇ ಬರೆದ ಮಾತನ್ನು ಅವರ ಎದುರು ನಿಂತು ಹೇಳಲಾರೆ. ಅವರು ಕೇಳುತ್ತಿರುವುದು ಬಹುಮಾನವನ್ನಲ್ಲ, ಒಂದು ತಾರೀಖನ್ನು.

ಹರಿಹರೇಶ್ವರನ ಗುಡಿಯಲ್ಲಿ ಒಂದೇ ಮೈಯಲ್ಲಿ ಇಬ್ಬರು ದೇವರಿದ್ದಾರೆ. ಅಲ್ಲಿ ನನಗೆ ಇಷ್ಟವಾಗುವುದು ಎರಡೂ ಅರ್ಧಗಳು ಏಕಕಾಲಕ್ಕೆ ಎದುರಿಗೆ ಕಾಣುವುದು. ಬೇಕಾದಾಗ ಒಂದನ್ನು ತೋರಿಸಿ ಇನ್ನೊಂದನ್ನು ಮುಚ್ಚುವ ಉಪಾಯ ಅಲ್ಲಿಲ್ಲ.

ಬೆಂಗಳೂರಿನ ಕುರ್ಚಿಯ ಕತೆ ಆಮೇಲೂ ಹಾಗೆಯೇ ಸಾಗಿದೆ. ಸೈಮನ್ ಗ್ರೇಸನ್ 2022ರಲ್ಲಿ ಡ್ಯುರಾಂಡ್ ಕಪ್ ತಂದರು, 2023ರ ಮಾರ್ಚ್‌ನಲ್ಲಿ ಐಎಸ್‌ಎಲ್ ಫೈನಲ್ಲನ್ನು ಪೆನಾಲ್ಟಿಗಳಲ್ಲಿ ಸೋತರು, ಡಿಸೆಂಬರ್ ಹೊತ್ತಿಗೆ ಹೋಗಿದ್ದರು. ಅವರ ನಂತರ ಬಂದ ಜೆರಾರ್ಡ್ ಜರಾಗೋಸಾ ತಂಡವನ್ನು 2025ರ ಫೈನಲ್‌ವರೆಗೆ ಒಯ್ದರು, ಅಲ್ಲಿ ಮೋಹನ್ ಬಾಗಾನ್ ಗೆದ್ದಿತು. ಆ ಫೈನಲ್ ಆಗಿ ಎರಡು ತಿಂಗಳಿಗೆ, ಜೂನ್ 10ರಂದು, ಭಾರತ ಏಷ್ಯನ್ ಕಪ್ ಅರ್ಹತಾ ಪಂದ್ಯ ಆಡಲು ಹಾಂಗ್‌ಕಾಂಗಿಗೆ ಹೋಯಿತು. ಎದುರಾಳಿಗಳ ಕೋಚ್ ಆಶ್ಲಿ ವೆಸ್ಟ್‌ವುಡ್. ದ್ವಿತೀಯಾರ್ಧದಲ್ಲಿ ಬದಲಿ ಆಟಗಾರನಾಗಿ ಇಳಿದವರು ಸುನಿಲ್ ಛೆಟ್ರಿ. ಬೆಂಗಳೂರಿಗೆ ಆ ಮೊದಲ ಲೀಗುಗಳನ್ನು ಇಬ್ಬರೂ ಒಟ್ಟಿಗೇ ಗೆದ್ದುಕೊಟ್ಟವರು. ಆಟದ ಕೊನೆಯ ನಿಮಿಷಗಳಲ್ಲಿ ಸಿಕ್ಕ ಪೆನಾಲ್ಟಿಯಿಂದ ಹಾಂಗ್‌ಕಾಂಗ್ 1-0ರಿಂದ ಗೆದ್ದಿತು. ನನ್ನ ಹರಿಹರದ ಗೆಳೆಯ ಈಗ ಪುಣೆಯಲ್ಲಿದ್ದಾನೆ. ಆ ರಾತ್ರಿ ಅವನಿಂದ ಒಂದೇ ಸಾಲಿನ ಸಂದೇಶ ಬಂತು: "ನಮ್ಮ ಕೋಚೇ ಅಲ್ಲೇನಲೇ ಸೋಲ್ಸಿದ್ದು?"