ನೆನಪಿರಲ್ಲ ಬಿಡಿ

ಮಗಳಿಗೆ ಹತ್ತು ತಿಂಗಳು ತುಂಬಿದ ವಾರ ಅವಳ ಅಂಗುಳಿನ ಆಪರೇಷನ್‌ಗೆ ಡೇಟ್ ಸಿಕ್ತು. ಮೂರು ದಿನ ಆಸ್ಪತ್ರೆ ವಾಸ. ತುರ್ತೇನೂ ಇರಲಿಲ್ಲ, ಬ್ಯಾಗ್ ತುಂಬೋಕೆ ಎರಡು ವಾರ ಟೈಮ್ ಇತ್ತು. ಆಫೀಸಲ್ಲಿ ರಿಲೀಸ್‌ಗೆ ಮುಂಚೆ ಮಾಡೋ ಹಾಗೆ ಇಲ್ಲೂ ಒಂದು ಎಕ್ಸೆಲ್ ಶೀಟ್ ಮಾಡಿದೆ. ರಕ್ತದ ರಿಪೋರ್ಟು, ಇನ್ಶೂರೆನ್ಸ್ ಕಾರ್ಡು, ಆಧಾರ್ ಜೆರಾಕ್ಸು, ಚಾರ್ಜರು, ಫ್ಲಾಸ್ಕು, ಹೊದಿಕೆ, ಡೈಪರು. ಒಟ್ಟು 31 ಐಟಂ.

ಹುಟ್ಟುವಾಗಲೇ ಅವಳ ಅಂಗುಳಲ್ಲಿ ಸೀಳಿತ್ತು. ತುಟಿ ಸರಿಯಾಗೇ ಇದ್ದದ್ದರಿಂದ ನೋಡಿದವರಿಗೆ ಗೊತ್ತಾಗ್ತಿರಲಿಲ್ಲ. ಅವಳಿಗೆ ಹಾಲು ಚೀಪೋಕೆ ಆಗ್ತಿರಲಿಲ್ಲ, ಕುಡಿದದ್ದು ಮೂಗಲ್ಲಿ ಬರ್ತಿತ್ತು. ಅವ್ವ ಊರಿಂದ ತಂದುಕೊಟ್ಟ ಒಳಲೆಯಲ್ಲಿ ತೊಟ್ಟು ತೊಟ್ಟಾಗಿ ಕುಡಿಸಿ ಬೆಳೆಸಿದ್ದು. ನನ್ನನ್ನೂ ಬೆಳೆಸಿದ ಒಳಲೆ ಅದು.

ಈ ಆಪರೇಷನ್ ಸಾಮಾನ್ಯವಾಗಿ 9ರಿಂದ 18 ತಿಂಗಳ ಒಳಗೆ ಮಾಡ್ತಾರೆ. ಕಾರಣ ಮಾತು. ಪ, ಬ, ಕ, ಗ ಇಂಥ ಅಕ್ಷರ ಹೇಳಬೇಕಾದ್ರೆ ಬಾಯೊಳಗೆ ಗಾಳಿ ಒತ್ತಿ ನಿಲ್ಲಬೇಕು. ಅಂಗುಳು ಸೀಳಿದ್ದರೆ ಗಾಳಿ ಮೂಗಿಂದ ಸೋರಿಹೋಗುತ್ತೆ. ಮ, ನ ಮೂಗಿನ ಅಕ್ಷರಗಳೇ ಆದ್ದರಿಂದ ಅವಕ್ಕೆ ತೊಂದರೆ ಇಲ್ಲ. ಅಂದ್ರೆ 'ಅಮ್ಮ' ಬರುತ್ತೆ, 'ಅಪ್ಪ' ಬರೋದು ಕಷ್ಟ. ಡಾಕ್ಟರು ಇದನ್ನ ತಮಾಷೆಯಾಗೇ ಹೇಳಿದ್ರು. ನಾನೂ ನಕ್ಕೆ. ಪಾರ್ಕಿಂಗ್‌ಗೆ ಬಂದಮೇಲೆ ನಗು ಉಳಿದಿರಲಿಲ್ಲ.

ಆ ಎರಡು ವಾರದಲ್ಲಿ ಎಲ್ಲರೂ ಹೇಳಿದ ಸಮಾಧಾನ ಒಂದೇ. "ಚಿಕ್ಕ ಮಗು, ಏನೂ ನೆನಪಿರಲ್ಲ ಬಿಡಿ." ಪಕ್ಕದ ಮನೆ ಆಂಟಿ ಹೇಳಿದ್ರು, ಟೀಮಿನವರು ಹೇಳಿದ್ರು. ಅವ್ವ ಫೋನಲ್ಲಿ, "ನೀ ಯಾಕ್ ಎದುರ್ಕತೀಯ ಮಗ, ಅದುಕ್ಕೇನ್ ಗೊತ್ತಾಯ್ತದೆ, ನಾಕು ದಿನುಕ್ಕೆ ಮರ್ತೋಯ್ತದೆ" ಅಂದಳು. ಮೊದಲೆರಡು ಸಲ ಈ ಮಾತು ತಣ್ಣಗೆ ಅನಿಸ್ತು. ಆಮೇಲಾಮೇಲೆ ಕಾಲಿಗೆ ಚುಚ್ಚಿದ ಮುಳ್ಳಿನ ಹಾಗಾಯ್ತು. ನೆನಪಿರಲ್ಲ ಅಂದಮಾತ್ರಕ್ಕೆ ಆ ನೋವು ಲೆಕ್ಕಕ್ಕೇ ಇಲ್ವಾ?

ಹಾಗೆ ಲೆಕ್ಕ ಬಿಟ್ಟ ಕಾಲವೂ ಇತ್ತು. 1980ರ ದಶಕದವರೆಗೂ ಅಮೆರಿಕ, ಬ್ರಿಟನ್ನಿನ ಆಸ್ಪತ್ರೆಗಳಲ್ಲೇ ನವಜಾತ ಶಿಶುಗಳಿಗೆ, ಅದರಲ್ಲೂ ದಿನ ತುಂಬದೆ ಹುಟ್ಟಿದವಕ್ಕೆ, ಎಷ್ಟೋ ಆಪರೇಷನ್‌ಗಳನ್ನ ನೋವಿನ ಔಷಧಿ ಇಲ್ಲದೆ ಅಥವಾ ತೀರಾ ಕಮ್ಮಿ ಕೊಟ್ಟು ಮಾಡ್ತಿದ್ರು. ಮಗು ಅಲುಗಾಡದ ಹಾಗೆ ಸ್ನಾಯು ಸಡಿಲಿಸೋ ಔಷಧಿ ಮಾತ್ರ ಕೊಡೋದೂ ಇತ್ತು. ಅವರೇನು ಕಟುಕರಲ್ಲ. ಮಗುವಿನ ನರಗಳು ಇನ್ನೂ ಬಲಿತಿಲ್ಲ, ಅರಿವಳಿಕೆ ಕೊಟ್ರೆ ಜೀವಕ್ಕೇ ಅಪಾಯ ಅಂತ ಅವರ ಭಯ. ಜೊತೆಗೆ, ಹೇಗೂ ನೆನಪಿರಲ್ಲ ಅನ್ನೋ ಭಾವನೆ. ಆಗ ಆಕ್ಸ್‌ಫರ್ಡ್‌ನಲ್ಲಿದ್ದ ಭಾರತೀಯ ಮೂಲದ ವೈದ್ಯ ಕೆ.ಜೆ.ಎಸ್. ಆನಂದ್ ಮತ್ತು ಸಂಗಡಿಗರು ಇದನ್ನ ಪರೀಕ್ಷಿಸಿ ನೋಡಿದ್ರು. ದಿನ ತುಂಬದ ಶಿಶುಗಳ ಆಪರೇಷನ್‌ನಲ್ಲಿ ಕೆಲವಕ್ಕೆ ಫೆಂಟನಿಲ್ ಅನ್ನೋ ನೋವಿನ ಔಷಧಿ ಸೇರಿಸಿ ಕೊಟ್ರು. ಅದು ಸಿಕ್ಕ ಶಿಶುಗಳ ಮೈಯಲ್ಲಿ ಒತ್ತಡದ ಹಾರ್ಮೋನುಗಳು ಕಮ್ಮಿ ಏರಿದ್ವು, ಆಪರೇಷನ್ ನಂತರದ ತೊಂದರೆಗಳೂ ಕಮ್ಮಿ ಇದ್ವು. ಇದು ಪ್ರಕಟವಾದದ್ದು 1987ರಲ್ಲಿ. ಅಂದ್ರೆ ನಾವು ಮೂವತ್ತರ ಆಸುಪಾಸಿನವರು ಹುಟ್ಟೋಕೆ ಸ್ವಲ್ಪ ಮುಂಚೆ ಅಷ್ಟೆ.

ಇವತ್ತು ಯಾವ ಡಾಕ್ಟರೂ ಹಾಗೆ ಮಾಡಲ್ಲ. ಆದ್ರೆ ಆ ವಾದದ ಒಂದು ತುಂಡು ನಮ್ಮ ಬಾಯಲ್ಲಿ ಸಮಾಧಾನದ ಮಾತಾಗಿ ಇನ್ನೂ ಓಡಾಡ್ತಿದೆ. ನನ್ನ ಕೆಲಸದ ಭಾಷೆಯಲ್ಲಿ ಹೇಳೋದಾದ್ರೆ, ಲಾಗ್ ಬರೆದಿಲ್ಲ ಅಂದ್ರೆ ಪ್ರೋಗ್ರಾಂ ಓಡೇ ಇಲ್ಲ ಅಂತಲ್ಲ. ನಮ್ಮ ತಾತ ಕೊನೇ ಎರಡು ವರ್ಷ ಬೆಳಗ್ಗೆ ಆದದ್ದನ್ನ ಮಧ್ಯಾಹ್ನಕ್ಕೆ ಮರೀತಿದ್ದರು. ಹೇಗೂ ಮರೀತಾರೆ ಅಂತ ಅವರಿಗೆ ಸ್ನಾನಕ್ಕೆ ಸುಡು ಸುಡು ನೀರು ಹುಯ್ದವರುಂಟಾ? ನೋವು ಆಗೋದು ಆದ ಹೊತ್ತಲ್ಲಿ. ಆಮೇಲೆ ಅದು ನೆನಪಾಗಿ ಉಳಿದರೂ ಅಷ್ಟೆ, ಉಳಿಯದಿದ್ದರೂ ಅಷ್ಟೆ.

ಹಾಗಂತ ಆಪರೇಷನ್ ಬೇಡ ಅಂತೇನೂ ಅಲ್ಲ. ಅವಳನ್ನ ಕೇಳದೆ ಅವಳ ಬಾಯಿಗೆ ಕತ್ತಿ ಹಾಕಿಸೋದು ಸರಿಯಾ ಅಂತ ಯಾರಾದರೂ ಕೇಳಬಹುದು. ನಾಳೆ ದೊಡ್ಡವಳಾಗಿ "ನನ್ನ ಯಾಕೆ ಕೇಳಲಿಲ್ಲ ಅಪ್ಪ?" ಅಂತ ಅವಳು ನನ್ನನ್ನ ಸ್ಪಷ್ಟವಾಗಿ ಕೇಳೋ ಹಾಗಾಗಬೇಕಾದ್ರೂ ಈ ಆಪರೇಷನ್ ಆಗಲೇಬೇಕು. ಹಾಗಾಗಿ ನಿರ್ಧಾರದ ಬಗ್ಗೆ ನನಗೆ ಅನುಮಾನ ಇರಲಿಲ್ಲ. ಆದ್ರೆ ನಿರ್ಧಾರ ಸರಿ ಇದ್ದ ಮಾತ್ರಕ್ಕೆ ಸಾಲ ಇಲ್ಲ ಅಂತಲ್ಲ. ಅವಳ ಒಳ್ಳೇದಕ್ಕೇ ಆದರೂ ನೋವು ಕೊಡ್ತಿರೋದು ನಾವು, ತಿನ್ನೋದು ಅವಳು.

ಇಷ್ಟು ಯೋಚನೆ ಬಂದಮೇಲೆ ಎಕ್ಸೆಲ್ ಶೀಟಿಗೆ 'ಯಾರಿಗೆ' ಅಂತ ಒಂದು ಕಾಲಂ ಸೇರಿಸಿ ತುಂಬ್ತಾ ಹೋದೆ. 31ರಲ್ಲಿ ಹೆಚ್ಚಿನವು ಆಸ್ಪತ್ರೆಗೆ, ಇಲ್ಲಾ ನಮಗೆ. ಬರೀ ಅವಳಿಗೆ ಅಂತ ಇದ್ದದ್ದು ನಾಲ್ಕು.

ಪಟ್ಟಿ ಬದಲಾಯ್ತು. ತಲೆ ಮೇಲಿಂದ ಹಾಕೋ ಅಂಗಿಗಳನ್ನ ತೆಗೆದು ಮುಂದೆ ಗುಂಡಿ ಇರೋವು ಇಟ್ವಿ. ಹೊಲಿಗೆ ಇರೋ ಬಾಯಿಯ ಮೇಲೆ ಬಟ್ಟೆ ಎಳೀಬಾರದಲ್ಲ. ಗಟ್ಟಿ ಆಟಿಕೆ ತೆಗೆದು ಬಟ್ಟೆಯ ಆನೆ ಇಟ್ವಿ. ಕೈ ಬಾಯಿಗೆ ಹಾಕದ ಹಾಗೆ ಮೊಣಕೈಗೆ ಪಟ್ಟಿ ಕಟ್ಟಬಹುದು ಅಂದಿದ್ರು. ಹಾಗಾಗಿ ಒಂದು ವಾರ ಮುಂಚಿನಿಂದಲೇ ದಿನಾ ಹತ್ತು ನಿಮಿಷ ಕಟ್ಟಿ ಆಟ ಆಡಿಸಿದ್ವಿ. ಒಳಲೆ, ಅದನ್ನ ಡಾಕ್ಟರಿಗೆ ತೋರಿಸಿ ಕೇಳಿಕೊಂಡಮೇಲೆ. ಹೆಂಡತಿ ಎರಡು ರಾತ್ರಿ ಹೊದ್ದು ಮಲಗಿದ, ಒಗೆಯದೇ ಇಟ್ಟ ಹಳೇ ಹತ್ತಿ ಸೀರೆಯ ತುಂಡು. ಆ ವಾಸನೆ ಅವಳಿಗೆ ಗೊತ್ತು.

ಬ್ಯಾಗಿಗೆ ತುಂಬೋಕೆ ಆಗದ ಒಂದಿತ್ತು. ಎದೆಹಾಲು ಅರಿವಳಿಕೆಗೆ 4 ಗಂಟೆ ಮೊದಲೇ ನಿಲ್ಲಿಸಬೇಕು, ಪುಡಿ ಹಾಲು 6 ಗಂಟೆ ಮೊದಲು, ತಿಳಿನೀರು 2 ಗಂಟೆ ಮೊದಲು. ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಹೋಗಬಾರದು ಅಂತ. ಬೆಳಗಿನ ಜಾವ ಅವಳು ಹಸಿದು ಅತ್ತಳು. ಹೆಂಡತಿಯ ಮೈಯಲ್ಲಿ ಹಾಲಿನ ವಾಸನೆ ಇರುತ್ತೆ ಅಂತ ನಾನೇ ಎತ್ತಿಕೊಂಡು ಕಾರಿಡಾರಲ್ಲಿ ನಡೆದೆ. ಯಾಕೆ ಕೊಡ್ತಿಲ್ಲ ಅಂತ ಅವಳಿಗೆ ಹೇಗೆ ಹೇಳೋದು?

ಓಟಿ ಬಾಗಿಲ ಹತ್ರ ಸಿಸ್ಟರ್ ಮೆಲ್ಲಗೆ, "ಸರ್, ಆಟದಲ್ಲಿದ್ದಾಳೆ, ಗೊತ್ತಾಗದ ಹಾಗೆ ಹೊರಟುಬಿಡಿ" ಅಂದ್ರು. ನಮ್ಮೂರಲ್ಲೂ ಹಾಗೇ. ಸಂತೆಗೆ ಹೋಗೋರು ಮಗೂನ ಅಜ್ಜಿ ಹತ್ರ ಆಡೋಕೆ ಬಿಟ್ಟು ಹಿತ್ತಲ ಬಾಗಿಲಿಂದ ಜಾರಿಕೊಳ್ಳೋರು. ನಾನು ಮುಂಬಾಗಿಲಲ್ಲಿ ಕೂತು ಅತ್ತು ಅತ್ತು ಅಲ್ಲೇ ನಿದ್ದೆ ಹೋಗ್ತಿದ್ದೆನಂತೆ. ನನಗೆ ಒಂದು ಚೂರೂ ನೆನಪಿಲ್ಲ. ಆದ್ರೂ ಅಲ್ಲಿ ಕೂತಿದ್ದವನು ನಾನೇ ಅಲ್ವಾ?

ನಾನು ಜಾರಿಕೊಳ್ಳಲಿಲ್ಲ. ಮುಖಕ್ಕೆ ಮುಖ ಕೊಟ್ಟು "ಹೋಗಿ ಬರ್ತೀನಿ ಪುಟ್ಟಿ" ಅಂದೆ. ನಮ್ಮಲ್ಲಿ ಬರೀ 'ಹೋಗ್ತೀನಿ' ಅನ್ನಬಾರದಲ್ಲ. ಅವಳು ಕೈ ಚಾಚಿ ಜೋರಾಗಿ ಅತ್ತಳು. ಬಾಗಿಲು ಮುಚ್ಚಿತು. ಹೊರಗೆ ಹೆಂಡತಿ, "ಸುಮ್ನೆ ಅಳಿಸಿದ್ರಿ. ಅದು ಅವಳಿಗೋಸ್ಕರ ಅಲ್ಲ, ನಿಮ್ಮ ಸಮಾಧಾನಕ್ಕೆ" ಅಂದಳು.

ಎರಡು ಗಂಟೆ ಆ ಬೆಂಚಿನ ಮೇಲೆ ಕೂತು ಯೋಚಿಸಿದೆ. ಅವಳ ಮಾತಲ್ಲಿ ಅರ್ಧ ನಿಜ ಇತ್ತು. 'ಯಾರಿಗೆ' ಕಾಲಂ ಮಾಡಿದವನು ಆ ಒಂದು ವಾಕ್ಯವನ್ನ ಮಾತ್ರ ತನಗೇ ಅಂತ ಆಡಿದ್ದ. ಹತ್ತು ತಿಂಗಳ ಮಗುವಿಗೆ 'ಹೋಗಿ ಬರ್ತೀನಿ'ಯಲ್ಲಿ 'ಬರ್ತೀನಿ' ತಿಳಿಯಲ್ಲ, 'ಹೋಗಿ' ಮಾತ್ರ ತಿಳಿಯುತ್ತೆ. ಅವಳಿಗೆ ಅರ್ಥ ಆಗೋ ಭಾಷೆಯಲ್ಲಿ ಸತ್ಯ ಅಂದ್ರೆ ಯಾರು ಹತ್ರ ಇದ್ದಾರೆ, ಯಾರು ಇಲ್ಲ ಅನ್ನೋದಷ್ಟೆ. ಹಾಗಾದ್ರೆ ನಾನು ಕೊಟ್ಟ ಮಾತು ನಿಜವಾಗಬೇಕಾದ್ದು ಅವಳು ಕಣ್ಣು ಬಿಟ್ಟಾಗ.

ರಿಕವರಿಗೆ ಕರೆದಾಗ ಇಬ್ಬರೂ ಹೋದ್ವಿ. ಊದಿದ ಮುಖ, ಮಡಚೋಕಾಗದ ಕೈ, ಗೊಗ್ಗರು ದನಿಯ ಅಳು. ಹೆಂಡತಿ ಸೀರೆ ತುಂಡನ್ನ ಕೆನ್ನೆಗೆ ತಾಗಿಸಿದಳು. ನಾನು ಕಾಲು ಹಿಡಿದುಕೊಂಡು ಪಕ್ಕದಲ್ಲೇ ನಿಂತೆ. ಆ ಎರಡು ರಾತ್ರಿ ಅವಳು ಎಚ್ಚರಾದಾಗೆಲ್ಲ ನಮ್ಮಲ್ಲಿ ಒಬ್ಬರ ಮುಖ ಅವಳಿಗೆ ಕಾಣೋ ಹಾಗೆ ಪಾಳಿ ಹಾಕಿಕೊಂಡ್ವಿ. ಲ್ಯಾಪ್‌ಟಾಪ್ ಬ್ಯಾಗಲ್ಲೇ ಉಳೀತು. ಅದನ್ನ ತರಬೇಕಾಗೇ ಇರಲಿಲ್ಲ.

ಇದ್ಯಾವುದೂ ಅವಳಿಗೆ ನೆನಪಿರಲ್ಲ, ಅಳಿಸಿದ್ದೂ ಇರಲ್ಲ, ಪಕ್ಕದಲ್ಲಿ ನಿಂತದ್ದೂ ಇರಲ್ಲ. ನೋವು ಲೆಕ್ಕಕ್ಕಿಲ್ಲ ಅಂದ್ರೆ ಆ ಸೀರೆ ತುಂಡೂ ಲೆಕ್ಕಕ್ಕಿಲ್ಲ. ನನಗೆ ಎರಡೂ ಲೆಕ್ಕಕ್ಕಿವೆ.

ಈಗ ಗಾಯ ಮಾಗಿದೆ. ಮಾತು ಪೂರ್ತಿ ಬರೋಕೆ ಇನ್ನೂ ಟೈಮ್ ಬೇಕು, ಸ್ಪೀಚ್ ಥೆರಪಿಯೂ ಬೇಕಾಗಬಹುದು ಅಂದಿದ್ದಾರೆ. ಮೊನ್ನೆ ಸಂಜೆ ನಾನು ಬಾಗಿಲು ತೆಗೆದಾಗ ತುಟಿ ಒತ್ತಿ ಏನೋ ಅಂದಳು. 'ಅಪ್ಪ' ಅಂತ ನಾನು, 'ಅಮ್ಮ' ಅಂತ ಹೆಂಡತಿ. ಜಗಳ ಇನ್ನೂ ಮುಗಿದಿಲ್ಲ.