ಕಾರಿನಡಿಯ ಮಣ್ಣು

ನರಸಿಂಹರಾಜಪುರದ ನಮ್ಮ ನೆಂಟರೊಬ್ಬರು ತೀರಿಕೊಂಡ ಅಪ್ಪನ 1998ರ ಮಾರುತಿ 800 ಅನ್ನು ತಾವು ನೆಲೆಸಿರುವ ಅಮೆರಿಕಕ್ಕೆ ಸಾಗಿಸಲು ಹೊರಟಿದ್ದಾರೆ. ಹಡಗಿನ ಬಾಡಿಗೆಯೇ ಕಾರಿನ ಬೆಲೆಯನ್ನು ಮೀರುತ್ತದೆ. ಅದು ಅವರಿಗೂ ಗೊತ್ತು. ಕಾರಿನ ವಯಸ್ಸು ಅಡ್ಡ ಬರಲಿಲ್ಲ. 25 ವರ್ಷ ದಾಟಿದ ಕಾರಿಗೆ ಅಲ್ಲಿನ ಸುರಕ್ಷತಾ ಮಾನದಂಡಗಳಿಂದ ವಿನಾಯಿತಿ ಇದೆ. ನಮ್ಮಲ್ಲಿ ತಿರುಗುಮುರುಗು: ಬಳಸಿದ ಕಾರನ್ನು ಹೊರಗಿನಿಂದ ತರುವುದಾದರೆ ಸಾಮಾನ್ಯವಾಗಿ ಅದಕ್ಕೆ 3 ವರ್ಷ ಮೀರಿರಬಾರದು.

ಅವರನ್ನು ಕೆಣಕಿದ್ದು ಇನ್ನೊಂದು ನಿಯಮ. ಕಾರಿನ ತಳದಲ್ಲಿ ಪರದೇಶದ ಮಣ್ಣು ಅಂಟಿರಕೂಡದು. ಹಡಗು ಹತ್ತುವ ಮೊದಲೇ ಹಬೆಯಿಂದಲೋ ನೀರಿನಿಂದಲೋ ಚೆನ್ನಾಗಿ ತೊಳೆದಿರಬೇಕು. ಅಪ್ಪ ಇಪ್ಪತ್ತು ಮಳೆಗಾಲ ಕೊಪ್ಪ, ಶೃಂಗೇರಿ, ಬಾಳೆಹೊನ್ನೂರು ಸುತ್ತಿ ಹೊತ್ತು ತಂದ ಮಣ್ಣದು. ಅದೇ ಹೋದ ಮೇಲೆ ಉಳಿಯುವುದು ಬರೀ ತಗಡು ಎಂದು ನೆಂಟರ ಸಿಟ್ಟು.

ನಾನೂ ಮೊದಲು ಹೂಂಗುಟ್ಟಿದೆ. ಆಮೇಲೆ ಭದ್ರಾ ಕಾಡಿನ ಲಂಟಾನ ನೆನಪಾಯಿತು. ಯಾರೋ ಚೆಂದಕ್ಕೆಂದು ಅದೇ ಅಮೆರಿಕ ಖಂಡದಿಂದ ತಂದು ಕೈತೋಟದಲ್ಲಿ ನೆಟ್ಟ ಗಿಡ ಇಂದು ಕಾಡಿನೊಳಗೆ ಹುಲ್ಲು ಬೆಳೆಯಗೊಡುತ್ತಿಲ್ಲ. ತಂದವರಿಗೂ ಅದರ ಮೇಲೆ ಪ್ರೀತಿಯೇ ಇದ್ದಿರಬೇಕು. ನಮ್ಮ ನೆನಪಿನ ಮಣ್ಣಿನಲ್ಲಿ ಇನ್ನೊಬ್ಬರ ಹೊಲಕ್ಕೆ ಕೇಡಾಗುವ ಬೀಜವೋ ಹುಳವೋ ಇದ್ದರೆ ಅದನ್ನು ಒಯ್ಯುವ ಹಕ್ಕು ನಮಗಿದೆಯೆ? ಇಲ್ಲವೆಂದೇ ನನಗನ್ನಿಸುತ್ತದೆ. ಹಾಗೆಂದು ಅವರಿಗೆ ಹೇಳಲು ಮಾತ್ರ ಬಾಯಿ ಬರಲಿಲ್ಲ. ಅಪ್ಪನನ್ನು ಕಳೆದುಕೊಂಡವರು ಅವರು. ನಾನು ಕಳೆದುಕೊಂಡದ್ದೇನೂ ಇಲ್ಲ.

ಅವರ ಅಮ್ಮ ಜಗಲಿಯಲ್ಲಿ ಕೂತು ಎಲ್ಲ ಕೇಳಿಸಿಕೊಳ್ಳುತ್ತಿದ್ದರು. "ತೊಳೆಯುವುದಾದರೆ ಇಲ್ಲೇ ಅಂಗಳದಲ್ಲಿ ತೊಳೆ, ನೀರು ತೋಟಕ್ಕೆ ಇಳಿಯಲಿ," ಎಂದು ಒಳಗೆ ಹೋದರು.